ಮೊದಲ ಗಟಾರ, ಆಮ್ಯಾಲ ಚಾ

ನದಾಫ್ ಸಾಹೇಬರ ಅಂಗಿಯಷ್ಟು ಬೆಳ್ಳಗಿನ ಅಂಗಿಯನ್ನು ನಾನು ಇಳಕಲ್ಲಿನಲ್ಲಿ ಬೇರೆ ಯಾರ ಮೈಮೇಲೂ ನೋಡಿಲ್ಲ. ಅಂಥ ಅಂಗಿ ಹಾಕಿಕೊಂಡು ಅವರು ದಿನಾ ಹೋಗುತ್ತಿದ್ದದ್ದು ಗಟಾರಕ್ಕೆ. ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಅವರು. ಮುಂಜಾನೆ ಪ್ಯಾಂಟಿನ ಕಾಲು ಮೇಲಕ್ಕೆ ಮಡಚಿ, ಕೈಯಲ್ಲೊಂದು ಕಬ್ಬಿಣದ ಸಲಾಕಿ ಹಿಡಿದು ಗಟಾರದ ದಂಡೆಗುಂಟ ಬರುತ್ತಿದ್ದರೆ, ಮದುವೆಗೆ ಹೊರಟ ಬೀಗರು ದಾರಿ ತಪ್ಪಿ ಈ ಕಡೆ ಬಂದರೇನೋ ಅನ್ನಿಸುತ್ತಿತ್ತು. ಸಲಾಕಿ ಹಾಕಿ ಕಸ ಎಬ್ಬಿಸುವರು, ಕಲ್ಲು ಸರಿಸುವರು, ಬಗ್ಗಿ ಮೂಸಿಯೂ ನೋಡುವರು. ಅಂಗಿಯ ಮೇಲೆ ಒಂದು ಹನಿ? ಊಹೂಂ.

"ಸಾಹೇಬ್ರ, ಚಾ ಕುಡ್ಯಾಕ ಬರ್ರಿ" ಎಂದು ಯಾರೇ ಕರೆಯಲಿ, ಒಂದೇ ಉತ್ತರ.

"ಮೊದಲ ಗಟಾರ, ಆಮ್ಯಾಲ ಚಾ."

ಆ ಮನೆಯ ಮುಂದಿನ ಗಟಾರ ಚೊಕ್ಕಟ ಇದ್ದರೆ ಕಟ್ಟೆಯ ಮೇಲೆ ಕೂತು, ಬಸಿಯಲ್ಲಿ ಸುರುವಿಕೊಂಡು, ಸುರ್ ಸುರ್ ಎಂದು ಕುಡಿಯುತ್ತಿದ್ದರು. ಇಲ್ಲದಿದ್ದರೆ ಕೈ ಮುಗಿದು ಮುಂದಿನ ಮನೆ. ಹೀಗಾಗಿ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ "ಇವತ್ತ ಸಾಹೇಬ್ರು ನಮ್ಮ ಮನ್ಯಾಗ ಚಾ ಕುಡದ್ರವಾ" ಎಂದು ಹೇಳಿಕೊಳ್ಳುವುದೇ ಒಂದು ದೊಡ್ಡಸ್ತಿಕೆ ಆಗಿತ್ತು. ನಮ್ಮ ಮನೆಗೆ ಆ ದೊಡ್ಡಸ್ತಿಕೆ ಭಾಳ ದಿನ ಬರಲಿಲ್ಲ.

ನಾನು ಸೀರೆಯ ನೂಲಿಗೆ ಬಣ್ಣ ಹಾಕುವವನು. ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟು ಅಪ್ಪನ ಬಣ್ಣದ ಹಂಡೆಯ ಮುಂದೆ ನಿಂತವ, ಇವತ್ತಿಗೂ ಅಲ್ಲೇ ನಿಂತಿದ್ದೇನೆ. ಉಗುರು ಕೆಂಪಗೇ ಇವೆ. ಸಾಲಿ ಬಿಟ್ಟದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ನನ್ನ ದಾಳಿಂಬೆ ಕೆಂಪಿನ ಸೀರೆ ಹರಿದೀತೇ ಹೊರತು ಬಣ್ಣ ಬಿಡುವುದಿಲ್ಲ. ಆದರೆ ಬಣ್ಣ ಹಾಕಿದ ಮೇಲೆ ಹಂಡೆಯಲ್ಲಿ ಉಳಿಯುವ ನೀರು? ಅದನ್ನು ಅಪ್ಪ ಗಟಾರಕ್ಕೆ ಚೆಲ್ಲುತ್ತಿದ್ದ, ನಾನೂ ಚೆಲ್ಲುತ್ತಿದ್ದೆ, ಓಣಿಯ ಬಣ್ಣದವರೆಲ್ಲ ಚೆಲ್ಲುತ್ತಿದ್ದರು. ಮದುವೆ ಹಂಗಾಮು ಬಂದರೆ ನಮ್ಮ ಗಟಾರವೂ ಹಸಿರು ಕೆಂಪು ಉಟ್ಟುಕೊಂಡೇ ಹರಿಯುತ್ತಿತ್ತು.

ಒಂದು ಬ್ಯಾಸಗಿಯಲ್ಲಿ ಓಣಿಯ ಕೊನೆಯ ನಗರಸಭೆಯ ಬೋರ್‌ವೆಲ್ಲಿನಿಂದ ಗುಲಾಬಿ ನೀರು ಬಂತು. ಕೊಡ ಹೊತ್ತು ಬಂದ ಶಾಂತವ್ವ ನಮ್ಮ ಬಾಗಿಲ ಮುಂದೆಯೇ ನಿಂತು ಬೈದಳು: "ಸೀರಿಗಿ ಬಣ್ಣಾ ಹಾಕ್ರಿ ಅಂದ್ರ ನನ್ನ ಅನ್ನಕ್ಕೂ ಹಾಕೀರಲ್ಲೋ!" ನಗರಸಭೆಯಿಂದ ಆದೇಶ ಬಂತು. ಬಯಲು ಗಟಾರಕ್ಕೆ ಬಣ್ಣದ ನೀರು ಬಿಟ್ಟವರಿಗೆ ಮೊದಲು ನೋಟಿಸ್, ಆಮೇಲೆ ಬಾಗಿಲಿಗೆ ಬೀಗ. ಹಂಡೆ ಆರಿದರೆ ನಮ್ಮ ಒಲೆಯೂ ಆರುತ್ತದೆ. ಆದರೆ ನೋಟಿಸಿಗೆ ಒಂದು ಹೆಸರು ಬೇಕಲ್ಲ? "ನಮ್ಮದಲ್ಲ" ಎಂದು ಅಷ್ಟೂ ಜನ ಒಂದೇ ಮಾತು ಹಿಡಿದುಬಿಟ್ಟೆವು.

ಮರುದಿನ ಸಾಹೇಬರು ಬಂದವರೇ ಕಿಸೆಯಿಂದ ಬಿಳಿ ರೇಷ್ಮೆಯ ಎಳೆ ತೆಗೆದು ಗಟಾರದಲ್ಲಿ ಅದ್ದಿದರು. ಎಳೆ ಕೆಂಪಾಯಿತು. ನೇರ ನನ್ನ ಹಂಡೆಯ ಹತ್ತಿರ ಬಂದರು. ಹಿಂದೆ ಶಾಂತವ್ವ, ಅವಳ ಹಿಂದೆ ಕೊಡ ಹೊತ್ತ ಹೆಣ್ಣುಮಕ್ಕಳ ಇಡೀ ಪಾಳಿ.

"ಮಹಾಂತಪ್ಪಾರ, ಇದು ಯಾರ ಬಣ್ಣಾರಿ?"

"ನನಗೇನ್ ಗೊತ್ರಿ. ನಂದಂತೂ ಅಲ್ಲ."

ಅವರು ಎಳೆಯನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುವಿದರು. "ನನಗೂ ಹಂಗಽ ಅನಿಸ್ತು ನೋಡ್ರಿ. ಏನ್ ಹೊಳಪರಿ ಇದು! ಇಂಥಾದ್ದು ನಿಮ್ಮ ಕೈಯಾಗ ಎಲ್ಲಿ ಬರ್ಬೇಕು. ಇದು ಗುರಪ್ಪನ ಕೆಂಪು. ಆಂವ ಖರೇ ಕಸಬುದಾರ."

ಗುರಪ್ಪ ಅಂದರೆ ಕೆಳಗಿನ ಓಣಿಯ ಬಣ್ಣದವ. ನನ್ನ ನೆತ್ತಿಗೆ ರಕ್ತ ಏರಿತು.

"ಗುರಪ್ಪಂದಾ? ಆಂವಂದು ಇಟ್ಟಂಗಿ ಕೆಂಪ್ರಿ ಸಾಹೇಬ್ರ! ಎರಡು ಸಲಾ ಒಗದ್ರ ಕಾವಿ ಆಗ್ತೈತಿ. ಇದು ನಂದು! ನಮ್ಮಪ್ಪ ಕಲಿಸಿದ್ದು. ಇಡೀ ಇಳಕಲ್ಲಾಗ ಹುಡುಕ್ರಿ, ಇಂಥಾ ಕೆಂಪು ಸಿಕ್ರ ನಾ ಹಂಡೇ ಮಾರಿ ಹೋಗ್ತೇನಿ!"

ಸಾಹೇಬರು ಎಳೆ ಮಡಚಿ ಕಿಸೆಗೆ ಇಟ್ಟು, ನಿಧಾನ ಪೆನ್ ತೆಗೆದರು.

"ಹಂಗಾರ ನೋಟಿಸ್ ನಿಮ್ಮ ಹೆಸರಿಗೇ ಬರೀಲೇನ್ರಿ?"

ಶಾಂತವ್ವ ನಕ್ಕ ರಭಸಕ್ಕೆ ಕೊಡ ಕೆಳಗಿಳಿಸಿದಳು. ನಾನೇನು ಮಾಡಲಿ? ಬೀಗ ಬೀಳಲಿ, ಆ ಕೆಂಪನ್ನು ಗುರಪ್ಪನದು ಎಂದು ಹೇಳುವ ನಾಲಿಗೆ ನನಗೆ ದೇವರು ಕೊಟ್ಟಿಲ್ಲ. "ಬರೀರಿ" ಎಂದೆ. ಸಂಜೆಯೊಳಗೆ ಸಾಹೇಬರು ಗುರಪ್ಪನ ಮನೆ ಮುಂದೆ ಹಸಿರು ಎಳೆ ಹಿಡಿದು "ಈ ಹಸಿರು ಮಹಾಂತಪ್ಪಂದು ಇದ್ದಂಗೈತಿ" ಅಂದರಂತೆ. ಗುರಪ್ಪನೂ ಎದೆ ತಟ್ಟಿಕೊಂಡು ಹೆಸರು ಕೊಟ್ಟ. ಹೀಗೆ ಬಣ್ಣದವರೆಲ್ಲ ಬಾಯಾರೆ ಒಪ್ಪಿಕೊಂಡದ್ದಾಯಿತು.

ಬೀಗದ ಮಾತು ನಗರಸಭೆಯ ಮೀಟಿಂಗಿಗೆ ಬಂದ ದಿನ ನಾವೆಲ್ಲ ಬಾಗಿಲ ಹೊರಗೆ ನಿಂತಿದ್ದೆವು. ಮೆಂಬರೊಬ್ಬರು "ನಾಳೆನಽ ಬೀಗ ಜಡೀರಿ" ಎಂದರು. ಸಾಹೇಬರು ಎದ್ದು ನಿಂತರು.

"ಬೀಗ ಹಾಕಿದ್ರ ಗಟಾರ ಸ್ವಚ್ಛ ಆಗ್ತೈತ್ರಿ, ಓಣಿ ಉಪವಾಸ ಬೀಳ್ತೈತಿ. ನಮಗ ಗಟಾರನೂ ಸ್ವಚ್ಛ ಬೇಕು, ಓಣಿಯ ಒಲಿನೂ ಉರೀಬೇಕು. ನೀರಿನ ಟಾಕಿ ಹಿಂದ ನಗರಸಭಾದ ಜಾಗಾ ಖಾಲಿ ಐತಿ. ಅದನ್ನ ಕೊಡ್ರಿ, ಬಣ್ಣದ ನೀರು ಸೋಸೂ ತೆಗ್ಗು ಇವರು ತೋಡ್ತಾರ. ದೀಪಾವಳಿಗೆ ನೀರು ಬಿಳಿ ಬರದಿದ್ರ ಬೀಗಾ ನಾನಽ ಹಾಕ್ತೇನಿ."

ಜಾಗ ಸಿಕ್ಕಿತು. ನಾನೂ ಗುರಪ್ಪನೂ ಜನ್ಮದಲ್ಲಿ ಮೊದಲ ಸಲ ಒಂದೇ ತೆಗ್ಗಿನಲ್ಲಿ ನಿಂತು ಗುದ್ದಲಿ ಹಾಕಿದೆವು. ಒಂದು ತೊಟ್ಟಿಯಲ್ಲಿ ಸುಣ್ಣ, ಪಟಿಕ ಹಾಕಿ ಬಣ್ಣ ತಳಕ್ಕೆ ಕೂಡಿಸುವುದು. ಮುಂದಿನದರಲ್ಲಿ ಮರಳು, ಇದ್ದಿಲು. ಕೊನೆಯದರಲ್ಲಿ ತಿಳಿನೀರು. ಸಾಹೇಬರು ದಿನಾ ದಂಡೆಯ ಮೇಲೆ ನಿಂತು "ಗುರಪ್ಪಾರ, ಮಹಾಂತಪ್ಪಾರು ನಿಮಗಿಂತ ಆಳ ತೋಡ್ಯಾರ" ಎನ್ನುವರು. ಆ ಕಡೆ ಹೋಗಿ ನನಗೆ ಉಲ್ಟಾ ಹೇಳುವರು. ಗೊತ್ತಿದ್ದೂ ನಾವು ಗುದ್ದಲಿ ಎತ್ತುತ್ತಿದ್ದೆವು.

ಮೊದಲ ಸಲ ಎಳೆ ಅದ್ದಿದಾಗ ತುಸು ಗುಲಾಬಿಯೇ ಬಂತು. "ಇನ್ನಷ್ಟು ಇದ್ದಲಿ ಹಾಕ್ರಿ" ಎಂದು ಹೇಳಿ, ಚಹಾ ಕುಡಿಯದೆ ಹೋದರು. ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ಮತ್ತೆ ಅದ್ದಿದರು. ಎತ್ತಿದರು. ಅದ್ದುವಾಗ ಹೇಗಿತ್ತೋ ಹಾಗೇ ಬಿಳಿ. ನನ್ನ ಕೆಂಪು ಹಿಡಿಯದ ಎಳೆಯನ್ನು ಕಂಡು ನಾನು ಹಿಗ್ಗಿದ್ದು ಅವತ್ತೇ ಮೊದಲು. ಸಾಹೇಬರು ಕೈ ಒರೆಸಿಕೊಂಡು "ಎಲ್ಲಿ ಮಹಾಂತಪ್ಪಾರ, ಚಾ?" ಎಂದರು. ಅವತ್ತು ಒಂದು ಮನೆ ಬಿಡದೆ ಕುಡಿದರು. ಶಾಂತವ್ವನ ಮನೆಯಲ್ಲಿ ಎರಡು ಸಲ.

ನೌಕರಿ ಇರುವತನಕ ಸಾಹೇಬರು ನಮ್ಮ ಕೈಯಿಂದ ಒಂದು ಎಳೆ ಸಹ ತೆಗೆದುಕೊಳ್ಳಲಿಲ್ಲ. ರಿಟೈರಾಗಿ ತಮ್ಮೂರು ಶಿರೂರಿಗೆ ಹೋದ ಮೇಲೆ, ಅವರ ಹೆಂಡತಿ ಖಾಜಾಬಿ ಅಕ್ಕನಿಗೆಂದು ನನ್ನ ಕೆಂಪಿನದೇ ಒಂದು ಸೀರೆ ಹಿಡಿದು ನಾನೇ ಹೋದೆ. ಸಾಹೇಬರು ಲುಂಗಿ ಉಟ್ಟಿದ್ದರು, ಮೇಲೆ ಅದೇ ಬಿಳಿ ಅಂಗಿ. "ಬರ್ರಿ ಬರ್ರಿ, ಚಾ ಇಡು ಅಂತೇನಿ" ಎಂದು ಅಂಗಳದಿಂದಲೇ ಕೂಗಿದರು.

"ಮೊದಲ ಗಟಾರ, ಸಾಹೇಬ್ರ" ಎಂದೆ ನಾನು.

ನಕ್ಕರು, ಆದರೆ ನನ್ನ ಬೆನ್ನಿಗೇ ಬಂದರು. ಬಟ್ಟೆ ಒಗೆಯುವ ಕಲ್ಲಿನಿಂದ ನೀರು ಓಣಿಗೆ ಹರಿಯುತ್ತಿತ್ತು. ಕಿಸೆಯಿಂದ ಬಿಳಿ ಎಳೆ ತೆಗೆದು ಅದ್ದಿದೆ. ಎತ್ತಿದರೆ ನೀಲಿ!

"ಇದು ಯಾರ ಬಣ್ಣಾರಿ?"

ಸಾಹೇಬರು ಕುತ್ತಿಗೆ ಕೆರೆದುಕೊಂಡರು. "ಬಾಜೂ ಮನಿಯವರದು ಇರಬೇಕ್ರಿ."

ಚಹಾದ ತಾಟು ಹಿಡಿದು ಬಂದ ಖಾಜಾಬಿ ಅಕ್ಕ ಅಲ್ಲೇ ನಿಂತರು. "ಬಾಜೂ ಮನಿಯವರದಾ? ಅವರ ಅಂಗಿ ನೋಡೀರೇನು, ಗೋಣಿಚೀಲ ಇದ್ದಂಗ ಅದಾವು! ಲಗ್ನ ಆದಾಗಿಂದ ನೀಲಿ ಹಾಕಿ ಹಾಕಿ ನಿಮ್ಮ ಅಂಗಿ ಹಿಂಗ ಬೆಳ್ಳಗ ಇಟ್ಟಾಕಿ ನಾನು. ಇದು ನಂದು!"

ನಾನು ಸಾಹೇಬರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ನೋಟಿಸ್ ಬರೆಯಲು ಪೆನ್ನು ಬೇಕಾಗಲಿಲ್ಲ. ಗ್ವಾಡೆಗೆ ಆನಿಸಿದ್ದ ಸಲಿಕೆ ತೆಗೆದುಕೊಂಡು, ಲುಂಗಿ ಎತ್ತಿ ಕಟ್ಟಿ, ಒಗೆಯುವ ಕಲ್ಲಿನ ಪಕ್ಕ ತೆಗ್ಗು ತೋಡಲು ನಿಂತುಬಿಟ್ಟರು.

"ಚಾ ಆರ್ತೈತ್ರೀ" ಎಂದರು ಅಕ್ಕ.

"ಆರಲಿ ಬಿಡು" ಎಂದರು ಸಾಹೇಬರು.

ಅವರನ್ನು ನಾನು ಕೊನೆಗೆ ಕಂಡದ್ದು ಹಾಗೆ. ಆ ಬಿಳಿ ಅಂಗಿಯ ಮೇಲೆ ಕೆಸರು ಸಿಡಿದದ್ದನ್ನು ನೋಡಿದ್ದೂ ಅವತ್ತೊಂದೇ ದಿನ.