ಎರಡು ಬೆರಳಿನ ಸಂದು

ನನ್ನ ಗಂಡನಿಗೆ ಲಕ್ವಾ ಹೊಡೆದಾಗ ನಮ್ಮ ಕಾರಿನ ಎಂಜಿನ್ ಹಿತ್ತಲಿನ ಪತ್ರಾಸಿನ ತಗಡಿನ ಶೆಡ್ಡಿನಲ್ಲಿ, ಹಳೆಯ ಟೈರೊಂದರ ಮೇಲೆ, ಗೋಣಿಚೀಲ ಹೊದ್ದು ಕೂತಿತ್ತು. ನಮ್ಮೂರು ಗುಡಗೇರಿಯಿಂದ ಹುಬ್ಬಳ್ಳಿಗೆ, ಲಕ್ಷ್ಮೇಶ್ವರಕ್ಕೆ ಬಾಡಿಗೆ ಹೊಡೆದು ಸವೆದ ಕಾರು ಅದು. ಬರೀ ಹೊಗೆ ಉಗುಳುತ್ತದೆಂದು ಅವರೇ ಎಂಜಿನ್ ಇಳಿಸಿ, ಬಿಚ್ಚಿ, ಒಳಗಿನ ಸಾಮಾನೆಲ್ಲ ಹೊಸದು ಮಾಡಿದ್ದರು. ಗೇರ್‌ಬಾಕ್ಸಿಗೆ ಕೂಡಿಸಿ ಮತ್ತೆ ಕಾರಿಗೇರಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತವರು ಹಾಗೇ ಎಡಕ್ಕೆ ವಾಲಿದರು.

ಆಸ್ಪತ್ರೆಯಿಂದ ಬಂದ ಮೇಲೆ ಮಾತು ಬಹುಮಟ್ಟಿಗೆ ಮರಳಿತು. ಎಡಗಾಲು ಎಳೆಯುತ್ತ, ಕೋಲು ಹಿಡಿದು ನಡೆಯುವಂತಾದರು. ಎಡಗೈ ಮಾತ್ರ ಬೇರೆ ಯಾರದೋ ಎನ್ನುವಂತೆ ಜೋತುಬಿದ್ದಿರುತ್ತಿತ್ತು. ಇನ್ನೊಂದು ತೊಂದರೆಯೂ ಅಂಟಿಕೊಂಡಿತು. ದುಃಖವಾದರೆ ಅವರಿಗೆ ನಗು ಬರುತ್ತಿತ್ತು. ಮೆದುಳಿಗೆ ಪೆಟ್ಟಾದ ಕೆಲವರಿಗೆ ಹಾಗಾಗುತ್ತದೆ, ಅದು ಅವರ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದರು. ನನ್ನ ಭಾವ, ಅವರ ಸ್ವಂತ ಅಣ್ಣ, ತೀರಿಕೊಂಡ ಸುದ್ದಿ ಬಂದ ದಿನ ನಾಲ್ಕು ಜನರ ಎದುರು ನಕ್ಕುಬಿಟ್ಟರು. ಅವತ್ತಿನಿಂದ ಯಾರ ಮನೆಗೂ ಹೋಗಲಿಲ್ಲ.

ಹೋಗುತ್ತಿದ್ದುದು ಶೆಡ್ಡಿಗೆ ಮಾತ್ರ. ಒಂದು ದಿನ ಗೋಣಿಚೀಲ ತೆಗೆದು, ನನ್ನನ್ನು ಕರೆದು, ಇದನ್ನು ಮುಗಿಸೋಣ ಎಂದರು. ಗ್ಯಾರೇಜಿನವರನ್ನು ಕರೆಸೋಣ ಎಂದೆ. ಬೇಡವೆಂದರು. ಎಂಜಿನ್ನಿನ ಬೆನ್ನಿಗೆ ಕ್ಲಚ್ ಪ್ಲೇಟನ್ನು ನಾನು ಒತ್ತಿ ಹಿಡಿದೆ, ಅವರು ಬಲಗೈಯೊಂದರಲ್ಲೇ ಅದರ ಬೋಲ್ಟುಗಳನ್ನು ಬಿಗಿದರು. ಪ್ಲೇಟು ನಟ್ಟನಡುವೆ ಕೂತಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಸರಿಯಿದೆ ಎಂದರು.

ಗೇರ್‌ಬಾಕ್ಸ್ ಎತ್ತಲು ಪಕ್ಕದ ಮನೆಯ ಕಾಕಾ ಬಂದರು. ಟ್ರ್ಯಾಕ್ಟರ್ ಇಟ್ಟವರು, ರಿಪೇರಿಯ ಕೈ ಇದ್ದವರು. ಶೆಡ್ಡಿನ ತೊಲೆಗೆ ಸರಪಳಿ ಹಾಕಿ ಗೇರ್‌ಬಾಕ್ಸನ್ನು ತೂಗುಬಿಟ್ಟೆವು. ಅದರ ಮೂತಿಯಿಂದ ಮೈಗೆ ಹಲ್ಲು ಕೆತ್ತಿದ ಒಂದು ಕಬ್ಬಿಣದ ದಂಡ, ಶಾಫ್ಟ್, ಹೊರಚಾಚಿರುತ್ತದೆ. ಆ ಶಾಫ್ಟ್ ಕ್ಲಚ್ ಪ್ಲೇಟಿನ ತೂತಿನಲ್ಲಿ ಹಾದು ಎಂಜಿನ್ನಿನೊಳಗೆ ಕೂತರೆ ಎರಡೂ ಕೂಡಿದಂತೆ. ಕಾಕಾ ಒಂದು ಬಾಜು, ನಾನೊಂದು ಬಾಜು ಹಿಡಿದು ನೂಕಿದೆವು. ನನ್ನ ಗಂಡ ಸ್ಟೂಲಿನ ಮೇಲೆ ಕೂತು ಎತ್ತರಿಸಿ, ಇಳಿಸಿ, ಅಲುಗಾಡಿಸಿ ಎಂದು ಹೇಳುತ್ತಿದ್ದರು. ಶಾಫ್ಟ್ ಒಳಗೆ ಹೋಯಿತು. ಆಮೇಲೆ ಎರಡು ಬೆರಳಿನಷ್ಟು ಸಂದು ಉಳಿಸಿಕೊಂಡು ನಿಂತುಬಿಟ್ಟಿತು.

ನೂಕಿದೆವು, ಹಿಂದಕ್ಕೆಳೆದೆವು, ಮತ್ತೆ ನೂಕಿದೆವು. ನನ್ನ ಸೀರೆಯ ಸೆರಗೆಲ್ಲ ಗ್ರೀಸಾಯಿತು. ಸಂದು ಅಷ್ಟೇ ಇತ್ತು.

"ತಮ್ಮಾ, ಪ್ಲೇಟ್ ಒಂದೀಟು ಸರದಂಗ ಕಾಣತೈತಿ. ಬಿಚ್ಚಿ ನೋಡೂಣು," ಎಂದರು ಕಾಕಾ.

"ಸರದಿಲ್ರಿ. ನಾನಽ ಕುಂದರ್ಸೇನಿ. ಬೋಲ್ಟ್ ಹಾಕಿ ಜಗ್ಗಿದ್ರ ಬರತೈತಿ."

ಹಾಗೆ ಎಳೆಯಬಾರದೆಂದು ಕಾಕಾನ ಮುಖವೇ ಹೇಳುತ್ತಿತ್ತು. ಅದು ನನಗೂ ತಿಳಿಯಿತು. ಆದರೆ ಲಕ್ವಾ ಹೊಡೆದಾಗಿನಿಂದ ಅವರಿಗೆ ಹೀಗಲ್ಲ ಹಾಗೆ ಎನ್ನದವರೇ ಇರಲಿಲ್ಲ. ಚಮಚ ಹಿಡಿಯುವುದನ್ನು ತಿದ್ದುತ್ತಿದ್ದರು, ಹೆಜ್ಜೆಯನ್ನು ತಿದ್ದುತ್ತಿದ್ದರು, ಆಡುವ ಮಾತನ್ನೂ ತಿದ್ದುತ್ತಿದ್ದರು. ಊರಿಗೆಲ್ಲ ಗಾಡಿಯ ವಿಷಯ ಹೇಳಿಕೊಡುತ್ತಿದ್ದ ಮನುಷ್ಯ. ಇದೊಂದರಲ್ಲೂ ನಾನು ಬೇಡವೆನ್ನಲೇ? ಹೇಗೆ ಅನ್ನಲಿ? ಎರಡೂ ಕೈಯಲ್ಲಿ ಗೇರ್‌ಬಾಕ್ಸ್ ಹಿಡಿದುಕೊಂಡು ನಿಂತೇ ಇದ್ದೆ. ಅವರು ಸ್ಟೂಲಿನಿಂದೆದ್ದು, ನನ್ನ ಹೆಗಲಿಗೆ ಮೈ ಆನಿಸಿ, ಬಲಗೈಯಲ್ಲಿ ಪಾನಾ ಹಿಡಿದು ಬೋಲ್ಟನ್ನು ತಿರುವತೊಡಗಿದರು. ಸಂದು ಒಂದು ಕೂದಲೆಳೆಯಷ್ಟು ಕಡಿಮೆಯಾಯಿತು. ಇನ್ನೊಂದು ಸುತ್ತು ತಿರುವಿದರು. ಟಪ್ಪೆಂದು ಸದ್ದಾಯಿತು.

ಗೇರ್‌ಬಾಕ್ಸಿನ ಅಂಚಿನಲ್ಲಿ ಬೋಲ್ಟು ಹಾಯುವ ಕಿವಿ ಮುರಿದು ನನ್ನ ಕಾಲ ಬಳಿ ಬಿದ್ದಿತ್ತು.

ಅವರು ನಕ್ಕರು. ಹೊಟ್ಟೆ ಕುಲುಕುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ, ನಿಲ್ಲಿಸಲಾಗದೆ ನಕ್ಕರು. ಕಾಕಾನಿಗೆ ಆ ನಗು ಗೊತ್ತಿರಲಿಲ್ಲ. ಮೊದಲು ತಾವೂ ಸ್ವಲ್ಪ ನಕ್ಕರು, ಆಮೇಲೆ ಗಾಬರಿಯಾಗಿ ನನ್ನತ್ತ ನೋಡಿದರು.

"ಅವರು ಅಳಾಕತ್ತಾರ್ರಿ ಕಾಕಾ," ಎಂದೆ.

ಕಾಕಾ ಸರಪಳಿ ಬಿಗಿದು ಗೇರ್‌ಬಾಕ್ಸಿನ ಭಾರವನ್ನು ನನ್ನ ಕೈಯಿಂದ ತಪ್ಪಿಸಿದರು. ನಾನು ನನ್ನ ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, ಗ್ರೀಸಿನ ಕೈಯಲ್ಲೇ ಬೆನ್ನು ಸವರುತ್ತ ನಿಂತೆ. ನಗು ತಾನಾಗಿ ಇಳಿಯಲು ಬಹಳ ಹೊತ್ತು ಬೇಕಾಯಿತು.

ಕ್ಲಚ್ ಬಿಚ್ಚಿದಾಗ ಪ್ಲೇಟು ಜೋಳದ ಕಾಳಿನಷ್ಟು ಕೆಳಗೆ ಸರಿದಿತ್ತು. ಗೇರ್‌ಬಾಕ್ಸನ್ನೂ ಮುರಿದ ಕಿವಿಯನ್ನೂ ಕಾಕಾ ಹುಬ್ಬಳ್ಳಿಗೆ ಒಯ್ದು ಬೆಸುಗೆ ಹಾಕಿಸಿಕೊಂಡು ಬಂದರು. ಪ್ಲೇಟಿನ ತೂತಿನ ಅಳತೆಗೆ ಒಂದು ಕಟ್ಟಿಗೆಯ ಗೂಟ ಕೆತ್ತಿ, ಪ್ಲೇಟನ್ನು ನಡುವೆ ನಿಲ್ಲಿಸಿ, ಎರಡನೆಯ ಸಲ ನೂಕಿದಾಗ ಬಾಕ್ಸು ಬೆಣ್ಣೆಯಲ್ಲಿ ಇಳಿದಂತೆ ಹೋಗಿ ಕೂತಿತು. ನನ್ನ ಗಂಡ ಸಂದಿದ್ದ ಜಾಗದ ಸುತ್ತ ಬೆರಳಾಡಿಸಿ ನೋಡಿದರು. ಅವತ್ತು ನೆಮ್ಮದಿಯಿಂದ ಉಂಡರು.

ಶೆಡ್ಡಿನಲ್ಲೇ ನಿಂತಿದ್ದ ಕಾರಿಗೆ ಎಂಜಿನ್ ಏರಿದ ಮೇಲೆ ಅವರೇ ಚಾವಿ ತಿರುಗಿಸಬೇಕೆಂದರು. ಕೈ ಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಗಾಡಿ ಚಾಲೂ ಆಯಿತು, ಹೊಗೆಯೂ ಇರಲಿಲ್ಲ. ಬಲಗೈಯಿಂದ ಎಡತೊಡೆಯನ್ನು ಎತ್ತಿ ಪಾದವನ್ನು ಕ್ಲಚ್ಚಿನ ಮೇಲಿಟ್ಟರು. ಒತ್ತಿದರು. ಪಾದ ಜಾರಿತು. ಮತ್ತೆ ಎತ್ತಿಟ್ಟರು, ಮತ್ತೆ ಜಾರಿತು. ಕ್ಲಚ್ಚಿಗೆ ಎಡಗಾಲೇ ಬೇಕು, ಗೇರಿಗೆ ಎಡಗೈಯೇ ಬೇಕು. ಇಷ್ಟು ದಿನ ಅದು ನನಗೂ ಹೊಳೆದಿರಲಿಲ್ಲ, ಕಾಕಾನಿಗೂ ಹೊಳೆದಿರಲಿಲ್ಲ. ಅವರಿಗೆ ಹೊಳೆದಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

ಬಾಗಿಲು ಹಿಡಿದು ನಿಂತೇ ಇದ್ದೆ. ಇಳೀತೀರೇನ್ರಿ ಎಂದೆ.

"ಇರ್ಲಿ. ಇನ್ನೊಂದೀಟು ಹೊತ್ತು ಚಾಲೂ ಇರ್ಲಿ," ಎಂದರು.

ಬಿಸಿಲು ಶೆಡ್ಡಿನ ಬಾಗಿಲು ದಾಟಿ ಒಳಗೆ ಬರುವವರೆಗೂ ನಿಂತಲ್ಲೇ ನಿಂತ ಗಾಡಿಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಆಸ್ಪತ್ರೆಗೆ ಹೋಗುವಾಗ ಈಗ ಕಾಕಾ ಆ ಕಾರು ಹೊಡೆಯುತ್ತಾರೆ. ಇವರು ಬಾಜುವಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಗೇರಿನತ್ತ ತಿರುಗದೆ ಕಿಡಕಿಯಾಚೆಯೇ ನೋಡುತ್ತಿರುತ್ತಾರೆ.