ಅಂಚೆಯಣ್ಣ ಬರೆಯದ ಚೀಟಿ

ನಮ್ಮ ಬಡಾವಣೆಯಲ್ಲಿ ಸಭೆ ಕರೆದರೆ ಬರುವವರು ಏಳು ಜನ. ಅದರಲ್ಲಿ ಇಬ್ಬರು ಫ್ಯಾನಿನ ಕೆಳಗೆ ತೂಕಡಿಸಲು, ಒಬ್ಬರು ಜಗಳ ಕಾಯಲು. ಇವರನ್ನು ಕಟ್ಟಿಕೊಂಡು ಪಾರ್ಕು ಸರಿಮಾಡಿಸುವುದು ಹೇಗಪ್ಪಾ ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ ಅಂಚೆಯಣ್ಣ ಎದ್ದು ನಿಂತರು.

"ಅವರು ಬರದಿದ್ರೆ ಏನಂತೆ ಟೀಚರ್, ನಾವೇ ಹೋಗೋಣ. ಚೀಟಿ ಮಾಡಿ ಕೊಡಿ, ಮನೆಮನೆಗೂ ಹಂಚಿ ವಾಪಸ್ ತರ್ತೀನಿ."

ನಾನು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು, ನಿವೃತ್ತಿಯಾದ ಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಎಲ್ಲರ ಬಾಯಿಗೆ ಬಿದ್ದವಳು. ಅಂಚೆಯಣ್ಣ ಇದೇ ಬೀದಿಗಳಲ್ಲಿ ಮೂವತ್ತನಾಲ್ಕು ವರ್ಷ ಕಾಗದ ಹಂಚಿದವರು. ಯಾರ ಮನೆ ನಾಯಿ ಕಚ್ಚುತ್ತದೆ, ಯಾರ ಮನೆ ಕರೆಗಂಟೆ ಕೆಟ್ಟಿದೆ, ಯಾರು ಒಳಗಿದ್ದುಕೊಂಡೇ ಇಲ್ಲ ಅನ್ನಿಸುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಕೆಲಸದಲ್ಲಿ ಅವರದೊಂದು ಹಟವಿತ್ತು. ಊರವರ ಕಾಗದವಿರುವ ಚೀಲಕ್ಕೆ ತಮ್ಮ ಸ್ವಂತದ್ದು ಏನನ್ನೂ ಹಾಕುತ್ತಿರಲಿಲ್ಲ, ಊಟದ ಡಬ್ಬಿಯನ್ನೂ. ಹಾಗಾಗಿ ಅವರ ಹೆಂಡತಿ ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಪಾರ್ಕಿಗೆ ಬಂದು, ಮುಂದಿನ ಗೇಟಿನ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕಾಯುತ್ತಿದ್ದರು. ಇಬ್ಬರೂ ಅಲ್ಲೇ ಉಣ್ಣುತ್ತಿದ್ದರು. ನೋಡಿದವರು ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಚೀಟಿಯಲ್ಲಿ ಮೂರು ಪ್ರಶ್ನೆ ಹಾಕಿದೆ. ಪಾರ್ಕಿನಲ್ಲಿ ಏನು ಇರಲಿ, ಏನು ಬೇಡ, ಹೊಸದಾಗಿ ಏನು ಬೇಕು. 'ಇರಲಿ' ಎಂದು ಒಂದೇ ಒಂದು ಮನೆಯವರು ಬರೆದರೂ ಅದನ್ನು ಯಾರೂ ಮುಟ್ಟುವಂತಿಲ್ಲ ಎಂಬ ನಿಯಮ ಮಾಡಿದವಳೂ ನಾನೇ. ಎಂಥ ನ್ಯಾಯ ನನ್ನದು ಎಂದು ಬೀಗಿದ್ದೆ ಕೂಡ.

ಎರಡು ವಾರ ಅಂಚೆಯಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ತಿರುಗಿದರು. ಮಡಚಿದ ಚೀಟಿಗಳನ್ನು ಹಳೆಯ ಚೀಲಕ್ಕೆ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು. ಒಂದನ್ನಾದರೂ ಬಿಚ್ಚಿ ನೋಡಿದವರಲ್ಲ. ಒಬ್ಬ ಮಹಾಶಯರು ಕಾರಂಜಿ ಬೇಕೆಂದು ಬರೆದಿದ್ದರು. ಇನ್ನೊಬ್ಬರು ಎದುರು ಮನೆಯವರು ಬೇಡ ಎಂದು. ಇನ್ನೂರ ಹನ್ನೆರಡು ಮನೆಗೆ ಇನ್ನೂರ ಹನ್ನೊಂದು ಚೀಟಿ ಬಂತು. ಬಾರದೆ ಇದ್ದದ್ದು ಅಂಚೆಯಣ್ಣನ ಮನೆಯದು. ಅವರಿಗೆ ಹೇಳುವುದೇನೂ ಇಲ್ಲವೇನೋ ಅಂದುಕೊಂಡು ಪಟ್ಟಿಯಲ್ಲಿ ಗೆರೆ ಎಳೆದುಬಿಟ್ಟೆ. ಅವರ ಮನೆ ನಮ್ಮ ಮನೆಯಿಂದ ಆರನೆಯದು. ಎದ್ದು ಹೋಗಿ ಕೇಳುವುದಕ್ಕೆ ನನಗೇನು ಧಾಡಿಯಾಗಿತ್ತೋ.

ನಡೆಯುವ ದಾರಿ ಅಗಲವಾಗಲಿ ಎಂದವರು ಅರವತ್ತಮೂರು ಜನ. ಗೇಟಿನ ಪಕ್ಕದ ಬೆಂಚು ಆ ದಾರಿಗೇ ಅಡ್ಡ. ಬಿರುಕು ಬಿಟ್ಟಿದೆ, ಅದು ಬೇಡ ಎಂದವರು ಹದಿನಾಲ್ಕು. ಇರಲಿ ಎಂದವರು ಒಬ್ಬರೂ ಇಲ್ಲ. ಮಂಗಳವಾರ ಬೆಳಿಗ್ಗೆ ಕೆಲಸದವರು ಬಂದು ಅದನ್ನು ಒಡೆದು ಲಾರಿಗೆ ತುಂಬಿದರು.

ಮಧ್ಯಾಹ್ನ ನಾನು ಅಲ್ಲೇ ನಿಂತು ನೆಲ ಸಮ ಮಾಡಿಸುತ್ತಿದ್ದೆ. ಅಂಚೆಯಣ್ಣ ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಆಕೆಗೆ ನಾಲ್ಕು ವರ್ಷದಿಂದ ಮರೆವು. ಅದು ಎಲ್ಲಿಯವರೆಗೆ ಬಂದಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಬರಿಯ ಮಣ್ಣನ್ನು ನೋಡುತ್ತಾ ನಿಂತರು.

"ಬೆಂಚು ಎಲ್ಲಿ ಟೀಚರ್?"

"ತೆಗೆಸಿಬಿಟ್ವಿ. ಯಾರೂ ಇರಲಿ ಅಂತ ಬರೀಲಿಲ್ಲ ನೋಡಿ."

ಅವರು ಹೆಂಡತಿಗೆ ಕೇಳದ ಹಾಗೆ ಪಕ್ಕಕ್ಕೆ ಬಂದು ಹೇಳಿದರು. "ಮನೇಲಿ ನಾನು ಯಾರು ಅಂತ ಅವಳಿಗೆ ಗೊತ್ತಾಗಲ್ಲ. ಯಾರೋ ಒಳ್ಳೆಯವರು ಅಂದ್ಕೊಂಡಿದ್ದಾಳೆ. ಬೆಂಚ್ ಮೇಲೆ ಕೂರಿಸಿ, ಹಿಂದಿನ ಗೇಟಿಂದ ಹೊರಗೆ ಹೋಗಿ, ಸುತ್ತು ಹಾಕ್ಕೊಂಡು ಮುಂದಿನ ಗೇಟಿಂದ ಬಂದ್ರೆ ಗೊತ್ತಾಗುತ್ತೆ. 'ಬಂದ್ರಾ, ಎಷ್ಟೊತ್ತು ಮಾಡ್ತೀರಿ' ಅಂತ ಬೈತಾಳೆ. ಒಂದರ್ಧ ಗಂಟೆ, ಅಷ್ಟೇ."

ಅವರು ದಿನಾ ಹಾಗೆ ಸುತ್ತು ಹೊಡೆಯುವುದನ್ನು ನನ್ನ ಕಿಟಕಿಯಿಂದ ನೋಡಿದ್ದೆ. ಪಿಂಚಣಿ ಬಂದರೂ ನಿಮ್ಮ ರೌಂಡ್ಸ್ ನಿಲ್ಲಲಿಲ್ಲವಲ್ಲ ಎಂದು ಕಿಚಾಯಿಸಿಯೂ ಇದ್ದೆ. ಈಗ ನಾಚಿಕೆಗೆ ಸಿಟ್ಟು ಬಂತು, ಅವರ ಮೇಲೇ ಹರಿಹಾಯ್ದೆ.

"ಒಂದು ಸಾಲು ಬರೆಯೋಕೆ ನಿಮಗೆ ಏನಾಗಿತ್ತು? ಬೆಂಚು ಇರಲಿ ಅಂತ ಎರಡು ಪದ. ಒಂದು ಚೀಟಿ ಸಾಕಿತ್ತಲ್ರೀ."

"ಎಲ್ಲರ ಚೀಟೀನೂ ನನ್ನ ಚೀಲದಲ್ಲಿತ್ತು ಟೀಚರ್. ತರೋನೇ ನಾನು, ಅದರಲ್ಲಿ ನಂದೂ ಹೇಗೆ ಹಾಕಲಿ?" ಎಂದರು. "ಇನ್ನೂರು ಮನೆ ಇದೆಯಲ್ಲ, ಯಾರಾದ್ರೂ ಒಬ್ಬರು ಬರೆದಿರ್ತಾರೆ ಅಂದ್ಕೊಂಡೆ."

ಅವರ ಹೆಂಡತಿ ದೂರದಲ್ಲಿ ನಿಂತು, ಕೂರಲು ಜಾಗ ಸಿಗದೆ ಅತ್ತಿತ್ತ ನೋಡುತ್ತಿದ್ದರು.

ಸಂಘದವರ ಜೊತೆ ಕಿತ್ತಾಡಿ, ದಾರಿಯನ್ನು ಅಷ್ಟು ದೂರ ಕಿರಿದು ಮಾಡಿಸಿ, ಒಂಬತ್ತನೆಯ ದಿನಕ್ಕೆ ಅದೇ ಜಾಗದಲ್ಲಿ ಬೇರೆ ಬೆಂಚು ಹಾಕಿಸಿದೆ. ಸಿಮೆಂಟಿನದೇ, ಅಷ್ಟೇ ಎತ್ತರದ್ದು. ಅಂಚೆಯಣ್ಣ ಹೆಂಡತಿಯನ್ನು ಕೂರಿಸಿ, ಹಿಂದಿನ ಗೇಟಿಂದ ಹೋಗಿ, ಮುಂದಿನ ಗೇಟಿಂದ ಬಂದರು. ಆಕೆ ಪಕ್ಕದ ಜಾಗದ ಮೇಲೆ ಕೈ ಅಡ್ಡ ಇಟ್ಟು, "ಇಲ್ಲಿ ಕೂರಬೇಡಿ, ನಮ್ಮೋರು ಬರ್ತಾರೆ" ಎಂದರು.

ಮಾರನೆಯ ದಿನ ಅಂಚೆಯಣ್ಣ ಕೆಲಸದ ಕಾಲದ ಖಾಕಿ ಅಂಗಿ ಹಾಕಿಕೊಂಡು ಬಂದರು. ಅದರ ಮಾರನೆಯ ದಿನ ಚೀಲವನ್ನೂ ಹೆಗಲಿಗೇರಿಸಿಕೊಂಡು. ಒಂದು ದಿನ ಮೂರು ಸುತ್ತು ಹಾಕಿದರು, ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತ್ತು. ನೋಡಲಾಗದೆ ನಾನು ಕಿಟಕಿ ಹಾಕಿಕೊಂಡೆ. ಇಪ್ಪತ್ತು ದಿನ ಹೀಗೇ ಆಯಿತು.

ಇಪ್ಪತ್ತೊಂದನೆಯ ದಿನ ನಾನೂ ಹೋಗಿ ಆಕೆಯ ಬಳಿ ನಿಂತೆ. ಅಂಚೆಯಣ್ಣ ಗೇಟು ತೆರೆದು ಬಂದು ಬೆಂಚಿನ ಮುಂದೆ ನಿಂತರು. ಏದುಸಿರು ಬಿಡುತ್ತಿದ್ದರು. ಆಕೆ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಗುರುತು ಹಿಡಿದಾರು ಎಂದು ನನಗೆ ಆಸೆಯಾಯಿತು.

"ಪಾಪ, ದಿನಾ ಬಂದು ನಿಲ್ತೀರಿ" ಎಂದರು ಆಕೆ. "ಮನೆಗೆ ಹೋಗಿ. ನಿಮಗೂ ಯಾರಾದ್ರೂ ಊಟ ಇಟ್ಕೊಂಡು ಕಾಯ್ತಿರ್ತಾರೆ."

"ಹೂಂ, ಹೋಗ್ತೀನಿ" ಎಂದು ಅಂಚೆಯಣ್ಣ ಆಕೆಗೆ ಕಾಣದ ಹಾಗೆ ಗೇಟಿನಾಚೆ ಹೋಗಿ ನಿಂತುಕೊಂಡರು.