ಒತ್ತಕ್ಷರ ಕಲಿಯಲು ಬಂದ ಅವ್ವ

ನಾನು ಚಿಕ್ಕವಳಿದ್ದಾಗ ಶಾಲೆಗೆ ಹೋಗುವವರು ಮಕ್ಕಳು, ಕಳಿಸುವವರು ದೊಡ್ಡವರು ಎಂದು ನಂಬಿಕೊಂಡಿದ್ದೆ. ಇದರಲ್ಲಿ ನಂಬುವುದಕ್ಕೇನಿದೆ ಅಜ್ಜಿ ಎಂದು ನೀವು ನಗಬಹುದು. ನಗಿ. ಒಂದು ದಿನ ಆ ನಂಬಿಕೆ ತಲೆಕೆಳಗಾಗಿ ನಾನು ಕೂತಲ್ಲೇ ಕಲ್ಲಾಗಿಬಿಟ್ಟಿದ್ದೆ.

ನಮ್ಮೂರು ಬಂಡಳ್ಳಿ. ಆಗ ಹನೂರು, ಕೊಳ್ಳೇಗಾಲ ಎಲ್ಲ ಮದರಾಸು ಸರ್ಕಾರಕ್ಕೆ ಸೇರಿದ್ದವು. ಅವ್ವನ ತವರು ಯಳಂದೂರು, ಅದು ಮೈಸೂರು ಮಹಾರಾಜರ ಸೀಮೆ. ಅದಕ್ಕೇ ಅವ್ವ ಏನು ಮಾಡಿದರೂ ಅಪ್ಪನ ತಾಯಿ, ನನ್ನ ಅಜ್ಜಿ, "ಮೈಸೂರು ಸೀಮೆಯೋಳು" ಎಂದು ಮೂತಿ ತಿರುಗಿಸುತ್ತಿದ್ದಳು. ಸಾರಿಗೆ ಉಪ್ಪು ಜಾಸ್ತಿಯಾದರೂ ಮೈಸೂರು ಸೀಮೆಯದೇ ತಪ್ಪು.

ಶಾಲೆ ಎಂದರೆ ಹೆಂಚು ಹೊದಿಸಿದ ಒಂದೇ ಕೋಣೆ. ಎಲ್ಲ ತರಗತಿಗಳಿಗೂ ಒಬ್ಬರೇ ಮೇಷ್ಟ್ರು. ಸೆಗಣಿ ಸಾರಿಸಿದ ನೆಲದ ಮೇಲೆ ತರಗತಿಗೊಂದು ಸಾಲು ಮಾಡಿಕೊಂಡು ಕೂರುತ್ತಿದ್ದೆವು. ಸ್ಲೇಟು ಒರೆಸಲು ಎಲ್ಲರೂ ತೊಂಡೆಸೊಪ್ಪು ತರುತ್ತಿದ್ದರಿಂದ ಕೋಣೆಯ ತುಂಬ ಅದರ ಹಸಿ ವಾಸನೆ. ಬಳಪದ ಕಿರ್ರೆನ್ನುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ನನ್ನ ಪಕ್ಕದವಳು ಬರೆದದ್ದಕ್ಕಿಂತ ತಿಂದ ಬಳಪವೇ ಹೆಚ್ಚು.

ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಹುಳುಗಳು ಗೂಡು ಕಟ್ಟುವ ತನಕ ಅವ್ವನಿಗೆ ಕೂರಲು ಬಿಡುವಿಲ್ಲ, ಮಲಗಲು ಹೊತ್ತಿಲ್ಲ. ನಾನು ಹೇಳುತ್ತಿರುವ ದಿನಕ್ಕೆ ಆ ಸಲದ ಬೆಳೆ ಮುಗಿದಿತ್ತು. ಅಪ್ಪ ಗೂಡು ತುಂಬಿಕೊಂಡು ಹಿಂದಿನ ದಿನವೇ ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಹೋಗಿದ್ದ, ಬರುವುದು ಮಾರನೇ ದಿನ ಸಂಜೆಗೆ ಎಂದಿದ್ದ. ತೊಳೆದ ಬಿದಿರಿನ ತಟ್ಟೆಗಳು ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದವು. ಅವ್ವನ ಕೈ ಖಾಲಿಯಾಗಿತ್ತು.

ಮೇಷ್ಟ್ರು ಎರಡನೇ ತರಗತಿಯವರಿಗೆ ಉಕ್ತಲೇಖನ ಹೇಳುತ್ತಿದ್ದರು. ಬಾಗಿಲಲ್ಲಿ ನೆರಳಾಡಿತು. ತಿರುಗಿ ನೋಡಿದರೆ ಅವ್ವ! ತಲೆಗೆ ಹರಳೆಣ್ಣೆ ಹಚ್ಚಿ ಬಾಚಿದ್ದಳು, ನೆಂಟರ ಮನೆಗೆ ಉಡುವ ಸೀರೆ ಉಟ್ಟಿದ್ದಳು. ಅಜ್ಜಿಗೇ ಏನೋ ಆಗಿರಬೇಕು, ನನ್ನನ್ನು ಕರೆದೊಯ್ಯಲು ಬಂದಿದ್ದಾಳೆ ಎಂದುಕೊಂಡೆ. ಅವ್ವ ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಒಳಗೆ ಬಂದು ಎರಡನೇ ತರಗತಿಯ ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗಿನೊಳಗಿಂದ ನನ್ನ ಹಳೇ ಮುರುಕು ಸ್ಲೇಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಅವಳ ಪಕ್ಕದ ಪುಟ್ಟ ಹುಡುಗ ಸದ್ದಿಲ್ಲದೆ ಅತ್ತ ಸರಿದ. ಮೇಷ್ಟ್ರ ಬಾಯಲ್ಲಿ ಅರ್ಧ ಹೇಳಿದ ಪದ ಅರ್ಧದಲ್ಲೇ ನಿಂತಿತು. ಆಮೇಲೆ ಮೇಷ್ಟ್ರು, ಏನವ್ವಾ ಸಮಾಚಾರ ಎಂದು ಕೇಳಿದರು.

"ಒತ್ತಕ್ಸರ ಕಲೀಬೇಕು ಸಾ," ಎಂದಳು ಅವ್ವ. "ನಮ್ಮೂರ್ನಲ್ಲಿ ಕಾಗುಣಿತದ ಗಂಟ ಕಲ್ತಿದ್ದೆ. ಅಷ್ಟೊತ್ಗೆ ಮದ್ವೆ ಮಾಡ್ಬುಟ್ರು."

ಅದು ನಿಜ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕಂಡರೆ ಅವ್ವ ಅಲ್ಲಿಗೇ ನಿಂತುಬಿಡುತ್ತಿದ್ದಳು. ಹಸು, ಹೊಲ, ಮಳೆ, ಎಲೆ ಎಲ್ಲ ಓದುತ್ತಿದ್ದಳು. ಆದರೆ ನೀವೇ ಬರೆದು ನೋಡಿ: ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜಿ. ಒಂದಾದರೂ ಒತ್ತಿಲ್ಲದೆ ಬರುತ್ತದೆಯೇ? ಅವ್ವ ಮನೆ ಎಂದು ಬರೆಯಬಲ್ಲಳು, ಆ ಮನೆಯೊಳಗಿನ ಒಬ್ಬರನ್ನೂ ಬರೆಯಲಾರಳು. ಅದು ಅವಳಿಗೆ ಎಷ್ಟು ಕೊರೆಯುತ್ತಿತ್ತು ಎಂಬುದು ನನಗೆ ಅಂದೇ ಗೊತ್ತಾದದ್ದು.

ಮೇಷ್ಟ್ರು ಕೆಟ್ಟವರಲ್ಲ, ಪುಕ್ಕಲರು. ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದು ಕೇಳಿದರೆ ಏನು ಹೇಳುವುದು, ಊರಿನವರು ಏನೆಂದಾರು ಎಂಬ ಭಯ ಅವರ ಮುಖದಲ್ಲೇ ಕಾಣುತ್ತಿತ್ತು. ಹೋಗಿ ಎನ್ನಲು ನಾಲಿಗೆ ಬರಲಿಲ್ಲ. ಅದಕ್ಕೆ ಒಂದು ಉಪಾಯ ಹೂಡಿದರು. ಹಾಜರಿ ಪುಸ್ತಕ ತೆರೆದು, ಸೇರಿಸಿಕೊಳ್ಳಬೇಕಾದರೆ ಯಜಮಾನರ ಹೆಸರು ನೀವೇ ಹೇಳಬೇಕು, ಅದು ಕಾನೂನು ಎಂದರು.

ಅಪ್ಪನ ಹೆಸರು ಮೇಷ್ಟ್ರಿಗೆ ಗೊತ್ತಿಲ್ಲದ್ದೇ? ಅದೇ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಇತ್ತು. ಆದರೆ ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವಂತಿರಲಿಲ್ಲ. ಆಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರಿಕೆ. ಅವ್ವ ಅಪ್ಪನನ್ನು ಕರೆಯಬೇಕಾದರೆ ನನ್ನನ್ನೇ ಕೂಗುತ್ತಿದ್ದಳು. ಇವಳು ಹೆಸರು ಹೇಳುವುದಿಲ್ಲ, ಎದ್ದು ಹೋಗುತ್ತಾಳೆ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಅವ್ವ ಏಳಲಿಲ್ಲ.

"ಬಾಯಲ್ಲಿ ಏಳ್ಬಾರ್ದು ಅಂದವ್ರೆ ಸಾ. ಬರೀಬಾರ್ದು ಅಂತ ಯಾರೂ ಏಳಿಲ್ಲ," ಎಂದಳು. ಪಕ್ಕದ ಹುಡುಗನಿಂದ ಬಳಪ ಇಸಕೊಂಡು, ತುಟಿ ಕಚ್ಚಿ, ಒಂದೊಂದೇ ಅಕ್ಷರ ತಿದ್ದಿ, ಸ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ನಾನು ದಂಗಾಗಿ ಹೋದೆ. ಮದುವೆಯಾದಾಗಿನಿಂದ ಅವಳು ಒಮ್ಮೆಯೂ ಆಡದ ಹೆಸರು ಇಡೀ ಶಾಲೆಯ ಕಣ್ಣೆದುರಿಗಿತ್ತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು: "ಒನಪ."

ಅಪ್ಪನ ಹೆಸರು ಹೊನ್ನಪ್ಪ. ನಮ್ಮೂರಿನ ನಾಲಿಗೆಯಲ್ಲಿ ಹಕಾರವೇ ಇಲ್ಲ, ಹಾಗಾಗಿ 'ಹೊ' ಹೋಗಿ 'ಒ' ಆಯಿತು. ಒತ್ತುಗಳಂತೂ ಅವ್ವನಿಗೆ ಬಾರದು. ಗಿರಿಜಾ ಮೀಸೆಯ ನಮ್ಮಪ್ಪ ಒನಪು ವಯ್ಯಾರದ ಒನಪನಾಗಿಬಿಟ್ಟಿದ್ದ! ಶಾಲೆಗೆ ಶಾಲೆಯೇ ಗೊಳ್ಳೆಂದಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಅಷ್ಟರಲ್ಲಿ ಹೊರಗೆ ಎತ್ತಿನ ಗಂಟೆಯ ಸದ್ದು ಬಂದು ನಿಂತಿತು.

ಬಾಗಿಲಲ್ಲಿ ಅಪ್ಪ ನಿಂತಿದ್ದ. ವ್ಯಾಪಾರ ಬೇಗ ಮುಗಿದು ಮಧ್ಯಾಹ್ನಕ್ಕೇ ಬಂದಿದ್ದವನಿಗೆ ಅಜ್ಜಿ ಬೀದಿಯಲ್ಲೇ ಎದುರಾಗಿ, ಮೈಸೂರು ಸೀಮೆಯವಳು ಮಾನ ಕಳೆದಳು ಎಂದು ಎದೆ ಬಡಿದುಕೊಂಡಿದ್ದಳಂತೆ. ಅವನ ಕೈಯಲ್ಲಿ ಬಾರುಕೋಲಿತ್ತು. ನಗು ಅಲ್ಲಲ್ಲೇ ಸತ್ತಿತು. ಇನ್ನು ಅವ್ವನ ಕಥೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಹೊಡೆತದ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಸ್ಲೇಟು ಹಿಡಿದುಕೊಂಡು ನೋಡುತ್ತಿದ್ದ. ಅವನಿಗೆ ಒಂದಕ್ಷರವೂ ಬಾರದು. ಎಲ್ಲಿ ರುಜು ಕೇಳಿದರೂ ಹೆಬ್ಬೆಟ್ಟು ಒತ್ತಿ ಬರುವವನು. ಏನಿದು ಎಂದು ಮೇಷ್ಟ್ರನ್ನು ಕೇಳಿದ. ಮೇಷ್ಟ್ರು, ನಿಮ್ಮ ಹೆಸರು, ಅವರೇ ಬರೆದದ್ದು ಎಂದರು.

"ಇದು ನಾನಾ ಸಾ?"

ನೀವೇ, ಆದರೆ ತಪ್ಪಿದೆ ಎಂದರು ಮೇಷ್ಟ್ರು. ಅಪ್ಪ ಇನ್ನೊಮ್ಮೆ ಸ್ಲೇಟು ನೋಡಿದ, ತಲೆ ತಗ್ಗಿಸಿ ಕೂತಿದ್ದ ಅವ್ವನನ್ನು ನೋಡಿದ. ಆಮೇಲೆ ಸ್ಲೇಟನ್ನು ಅವಳ ತೊಡೆಯ ಮೇಲಿಟ್ಟ.

"ನನ್ನೆಸ್ರು ತಪ್ಪಾಗಿ ನಮ್ಮನೆಗೆ ಬರೋದು ಬ್ಯಾಡ ಸಾ. ನೆಟ್ಟಗೆ ಬರಿಯೋ ಗಂಟ ಇಲ್ಲೇ ಕೂರಿಸ್ಕಳಿ," ಎಂದು ಹೇಳಿ ಗಾಡಿ ಹೊಡೆದುಕೊಂಡು ಹೊರಟೇಹೋದ.

ಮೇಷ್ಟ್ರು ದೊಪ್ಪನೆ ಕುರ್ಚಿಯ ಮೇಲೆ ಕೂತರು. ಅಂದು ಊರಿಗೆ ಊರೇ ಬೆರಗಾಯಿತು. ಅಜ್ಜಿ ಊಟ ಬಿಟ್ಟು ಮುಸುಕೆಳೆದು ಮಲಗಿದಳು. ಅಪ್ಪ ಮಾತ್ರ ಏನೂ ಆಗದವನ ಹಾಗೆ ಎತ್ತಿಗೆ ನೀರು ಕುಡಿಸುತ್ತಿದ್ದ.

ಅಲ್ಲಿಂದಾಚೆಗೆ ಹುಳುವಿನ ಕೆಲಸ ಇಲ್ಲದ ದಿನಗಳಲ್ಲಿ ಅವ್ವ ನನ್ನ ಜೊತೆಯಲ್ಲೇ ಶಾಲೆಗೆ ಬಂದಳು. ಒತ್ತಕ್ಷರ ಬಂತು, ಓದು ಬಂತು, ನನ್ನ ಪಾಠವನ್ನು ನನಗಿಂತ ಮೊದಲೇ ಓದಿ ಮುಗಿಸುತ್ತಿದ್ದಳು. ಅಪ್ಪನ ಹೆಸರೊಂದು ಮಾತ್ರ ಸರಿಯಾಗಲಿಲ್ಲ. ಒಂದು ದಿನ ನಕಾರದ ಒತ್ತು ಬಿಡುವಳು, ಇನ್ನೊಂದು ದಿನ ಪಕಾರದ್ದು. ಬೀದಿಯಲ್ಲಿ ಮೇಷ್ಟ್ರು ಸಿಕ್ಕಾಗ ಅಪ್ಪ ಕೇಳುವನು, ಇನ್ನೂ ಸ್ವಲ್ಪ ತಪ್ಪಿದೆ ಎಂದು ಅವರು ಹೇಳುವರು. ತನ್ನದು ಅಷ್ಟು ಕಷ್ಟದ ಹೆಸರು ಎಂದು ಅಪ್ಪನಿಗೆ ಒಳಗೊಳಗೇ ಹೆಮ್ಮೆ.

ಒಂದು ಸಂಜೆ ಅಡುಗೆಮನೆಗೆ ಹೋದೆ. ಅವ್ವ ಮೊರದಲ್ಲಿ ರಾಗಿಹಿಟ್ಟು ಹರಡಿ ಅದರ ಮೇಲೆ ಬೆರಳಾಡಿಸುತ್ತಿದ್ದಳು. ಬಗ್ಗಿ ನೋಡಿ ಬೆಚ್ಚಿಬಿದ್ದೆ. ಹೊನ್ನಪ್ಪ. ಹಕಾರವೂ ಇತ್ತು, ಎರಡೂ ಒತ್ತುಗಳಿದ್ದವು, ಮುತ್ತಿನ ಹಾಗೆ ದುಂಡಗೆ. ಅವ್ವಾ, ನಿಂಗೆ ಬತ್ತದಲ್ಲ ಎಂದು ಕೂಗುವಷ್ಟರಲ್ಲಿ ಹಿಟ್ಟು ಮೆತ್ತಿದ ಅಂಗೈ ನನ್ನ ಬಾಯಿ ಮುಚ್ಚಿತು.

"ಸುಮ್ಕಿರು ಮೊಗ. ಸರಿಯಾಗಿ ಬರುದ್ರೆ ನಾಳಿಂದ ಇಸ್ಕೂಲಿಲ್ಲ."

ಆ ಹೆಸರನ್ನು ಅಳಿಸಿ ಮುದ್ದೆ ಮಾಡಿದಳು, ಅಪ್ಪ ಅದನ್ನೇ ಉಂಡ. ಅವ್ವ ಐದನೇ ತರಗತಿ ಮುಗಿಸುವ ತನಕ ಅಪ್ಪನ ಹೆಸರು ಸರಿಯಾಗಲೇ ಇಲ್ಲ.

ಮೊನ್ನೆ ನಿಮ್ಮಮ್ಮ ನಿಮ್ಮಿಬ್ಬರ ಪುಸ್ತಕಗಳ ಪಕ್ಕದಲ್ಲೇ ತನ್ನ ಪರೀಕ್ಷೆಯ ಪುಸ್ತಕ ಹರಡಿಕೊಂಡು ಓದಿದಳು. ನಿಮ್ಮಪ್ಪ ಅವಳನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ, ಪರೀಕ್ಷೆ ಮುಗಿಯುವ ತನಕ ಹೊರಗೆ ಕಾದು ಕರೆತಂದ. ನೀವು ತಲೆ ಎತ್ತಿ ಕೂಡ ನೋಡಲಿಲ್ಲ, ನಾನೊಬ್ಬಳೇ ಬೆರಗಾಗಿ ಕೂತಿದ್ದೆ. ತಪ್ಪು ಬರೆದರೆ ಅಂಕ ಹೋಗುತ್ತದೆ ಎಂದು ನೀವು ಅಳುತ್ತೀರಿ. ಸರಿಯಾಗಿ ಬರೆದರೆ ಶಾಲೆಯೇ ಹೋಗುತ್ತದೆ ಎಂದು ಹೆದರಿದ್ದ ಹೆಣ್ಣಿನ ಮರಿಮಕ್ಕಳು ನೀವು.